ಮೈ ಸುಮ್ಮನಾದರೂ ಮಿದುಳು ಸುಮ್ಮನಾಗಿರಲಿಲ್ಲ

ಹಸುಗೂಸಿಗೆ ಬರುವ ಫಿಟ್ಸ್ ದೊಡ್ಡವರ ಫಿಟ್ಸ್‌ನಂತೆ ಕಾಣುವುದೇ ಇಲ್ಲ. ಬಾಯಲ್ಲಿ ನೊರೆ ಇರುವುದಿಲ್ಲ, ಮೈಯಿಡೀ ಕೊಡಹುವುದಿಲ್ಲ. ತುಟಿ ಚಪ್ಪರಿಸುವುದು, ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದು, ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ಒಂದಷ್ಟು ಹೊತ್ತು ಉಸಿರು ನಿಂತು ಮತ್ತೆ ಬರುವುದು, ಇಷ್ಟರಲ್ಲೇ ಮುಗಿದುಹೋಗಬಹುದು. ಆರೋಗ್ಯವಾಗಿರುವ ಕೂಸುಗಳೂ ಇವುಗಳಲ್ಲಿ ಕೆಲವನ್ನು ಮಾಡುತ್ತವೆ. ಹಾಗಾಗಿ ಬರೀ ನೋಡಿ ಹೇಳುವುದು ಅನುಭವಸ್ಥ ಡಾಕ್ಟರುಗಳಿಗೂ ಕಷ್ಟ. ಸಾವಿರ ಹೆರಿಗೆಗೆ 1ರಿಂದ 5 ಕೂಸುಗಳಿಗೆ ಹೀಗೆ ಫಿಟ್ಸ್ ಬರುತ್ತದೆ ಎಂಬ ಲೆಕ್ಕವಿದೆ. ಆ ಲೆಕ್ಕದಲ್ಲಿ ನನ್ನ ಮಗಳೂ ಇದ್ದಾಳೆ. ಅವಳ ಫಿಟ್ಸ್ ಮೊದಲ ಔಷಧಿಗೆ ನಿಲ್ಲಲಿಲ್ಲ, ಎರಡನೆಯದಕ್ಕೂ ನಿಲ್ಲಲಿಲ್ಲ. ಈಗ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದ, ಬಾಗಿಲ ಹೊರಗೆ ಕೂತಿರುವ ಯಾವುದೋ ತಾಯಿ ತಂದೆಗೆ, ಒಳಗೆ ಏನು ನಡೆಯುತ್ತಿದೆ, ಯಾಕೆ ಹಾಗೆ ನಡೆಯುತ್ತಿದೆ ಎಂಬುದು ಸ್ವಲ್ಪವಾದರೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅವಳು ಹುಟ್ಟಿದಾಗ ಚೆನ್ನಾಗಿ ಅತ್ತಳು, ತೂಕ ಸರಿಯಾಗಿತ್ತು, ಹೆರಿಗೆಯಲ್ಲಿ ಏನೂ ತೊಂದರೆ ಆಗಿರಲಿಲ್ಲ. ಮರುದಿನ ಹಾಲು ಕುಡಿಯುತ್ತಿದ್ದವಳು ಇದ್ದಕ್ಕಿದ್ದಂತೆ ಮೊಲೆ ಬಿಟ್ಟು ತಲೆಯನ್ನು ಬಲಕ್ಕೆ ತಿರುಗಿಸಿದಳು. ಬಲಗೈ ನೆಟ್ಟಗೆ ಸೆಟೆದುಕೊಂಡಿತು. ಮುಖ ಕೆಂಪಗಾಗಿ, ಆಮೇಲೆ ತುಟಿಯ ಸುತ್ತ ನೀಲಿಗಟ್ಟಿತು. ಉಸಿರು ಬರುತ್ತಿರಲಿಲ್ಲ. ನಾನು ಕೂಗಿದ್ದಕ್ಕೆ ಓಡಿ ಬಂದ ಸಿಸ್ಟರ್ ಮೊದಲು ಮಾಡಿದ್ದು ಆ ಕೈಯನ್ನು ಮೃದುವಾಗಿ ಹಿಡಿದು ಮಡಚಿ ನೋಡಿದ್ದು. ಕೂಸುಗಳಿಗೆ ಬರುವ ಮಾಮೂಲಿ ನಡುಕವಾದರೆ ಹಿಡಿದ ಕೂಡಲೇ ನಿಲ್ಲುತ್ತದೆಯಂತೆ. ಇದು ನಿಲ್ಲಲಿಲ್ಲ. ಹಿಡಿದ ಕೈಯೊಳಗೇ ಅದು ಸಣ್ಣಗೆ ಅದುರುವುದಕ್ಕೆ ಶುರುವಾಯಿತು. ಅವರು ಕೂಸನ್ನು ಎತ್ತಿಕೊಂಡು ಹೋದರು. ನನ್ನ ಗಂಡ ಹಿಂದೆಯೇ ಓಡಿದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ಮಂಚದ ಮೇಲೆ ಉಳಿದೆ.

ಮೊದಲ ಗಂಟೆಗಳಲ್ಲಿ ಅವರು ಹುಡುಕುವುದು, ತಕ್ಷಣ ಸರಿಪಡಿಸಬಹುದಾದ ಕಾರಣಗಳನ್ನು. ರಕ್ತದಲ್ಲಿ ಸಕ್ಕರೆ ಇಳಿದಿದೆಯೇ ಎಂದು ಹಿಮ್ಮಡಿ ಚುಚ್ಚಿ ನೋಡುತ್ತಾರೆ. ಇಳಿದಿದ್ದರೆ ಗ್ಲೂಕೋಸ್ ಕೊಟ್ಟೇ ಫಿಟ್ಸ್ ನಿಲ್ಲಿಸಬಹುದು, ಬೇರೆ ಔಷಧಿಯೇ ಬೇಡವಾಗಬಹುದು. ಆಮೇಲೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ. ಸೋಂಕು ಇದೆಯೇ ಎಂದು ರಕ್ತ, ಬೆನ್ನಿನಿಂದ ನೀರು. ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂದು ನೆತ್ತಿಯ ಮೂಲಕ ಸ್ಕ್ಯಾನ್. ವರದಿ ಬರುವ ತನಕ ಕಾಯದೆ ಆಂಟಿಬಯೋಟಿಕ್ ಮತ್ತು ಹರ್ಪಿಸ್ ವೈರಸ್ಸಿಗೆ ಕೊಡುವ ಅಸೈಕ್ಲೊವಿರ್ ಎರಡನ್ನೂ ಶುರು ಮಾಡಿದರು. ಮಿದುಳಿಗೆ ಸೋಂಕು ತಗುಲಿದ್ದರೆ ಒಂದೊಂದು ಗಂಟೆಗೂ ಬೆಲೆ ಇರುತ್ತದೆ, ವರದಿ ಚೆನ್ನಾಗಿ ಬಂದರೆ ಆಮೇಲೆ ನಿಲ್ಲಿಸಬಹುದು. ನವಜಾತ ಶಿಶುಗಳ ಫಿಟ್ಸ್‌ಗೆ ಅತಿ ಹೆಚ್ಚು ಕಂಡುಬರುವ ಕಾರಣ ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ, ರಕ್ತ ಸಾಲದೆ ಹೋಗುವುದು. ಅದು ನಮ್ಮ ಕೂಸಿಗೆ ಆಗಿರಲಿಲ್ಲ. ಒಂದೊಂದೇ ವರದಿ ಬರುತ್ತಿದ್ದ ಹಾಗೆ ಎಲ್ಲವೂ ನಾರ್ಮಲ್ ಎಂದೇ ಇತ್ತು. ನಾರ್ಮಲ್ ಎಂದು ಕೇಳಿದಾಗಲೆಲ್ಲ ನಮ್ಮವರು ಸಮಾಧಾನಪಟ್ಟುಕೊಂಡರು. ನನಗೆ ಮಾತ್ರ ಭಯ ಹೆಚ್ಚುತ್ತಲೇ ಹೋಯಿತು. ಸುಲಭವಾಗಿ ಸರಿಹೋಗುವ ಕಾರಣಗಳು ಒಂದೊಂದಾಗಿ ಕೈಬಿಟ್ಟು ಹೋಗುತ್ತಿವೆ ಅನಿಸುತ್ತಿತ್ತು.

ಅಷ್ಟರಲ್ಲಿ ಫಿನೋಬಾರ್ಬಿಟೋನ್ ಶುರುವಾಗಿತ್ತು. ಕೂಸುಗಳ ಫಿಟ್ಸ್‌ಗೆ ಮೊದಲು ಕೊಡುವ ಔಷಧಿ ಇದೇ. 1912ರಿಂದ ಫಿಟ್ಸ್‌ಗೆ ಬಳಕೆಯಲ್ಲಿರುವ ಹಳೇ ಔಷಧಿ. ಇಷ್ಟು ಹಳೆಯದಾದರೂ, ನವಜಾತ ಶಿಶುಗಳ ಫಿಟ್ಸ್‌ಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಒಂದು ಇಂಜೆಕ್ಷನ್‌ಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಅಷ್ಟು ಕಾಲ ಈ ಕೂಸುಗಳಿಗೆಂದೇ ಒಪ್ಪಿಗೆ ಪಡೆದ ಒಂದು ಔಷಧಿಯೂ ಅಲ್ಲಿ ಇರಲಿಲ್ಲ ಎಂಬುದನ್ನು ಓದಿದಾಗ ನನಗೆ ಸಂಕಟವಾಯಿತು. ಮೊದಲ ಡೋಸ್ ಕೂಸಿನ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ. ಸಾಲದೆ ಹೋದರೆ ಇನ್ನೊಂದು ಡೋಸ್, ಒಟ್ಟು 40 ಮಿಲಿಗ್ರಾಂವರೆಗೆ. ನಮ್ಮ ಮಗಳಿಗೆ ಎರಡನೆಯ ಡೋಸೂ ಬೇಕಾಯಿತು.

ಅದಾದ ಮೇಲೆ ಅವಳು ಸುಮ್ಮನಾದಳು. ನನ್ನನ್ನು ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದರು. ಕೈ ಸೆಟೆಯುತ್ತಿಲ್ಲ, ತಲೆ ತಿರುಗುತ್ತಿಲ್ಲ, ತುಟಿ ಗುಲಾಬಿ ಬಣ್ಣಕ್ಕೆ ಬಂದಿದೆ. ನಿಂತಿತು ಎಂದು ನಾನು, ನನ್ನ ಗಂಡ ಕೈ ಹಿಡಿದುಕೊಂಡು ಅತ್ತೆವು. ಆಗ ತಾನೇ ತಂತ್ರಜ್ಞರೊಬ್ಬರು ಅವಳ ತಲೆಯ ಮೇಲೆ ಅಂಟಿನಂಥದ್ದೇನೋ ಹಚ್ಚಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ತೋರಿಸುವ ಇಇಜಿಯ ತಂತಿಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಗಾಜ್ ಬಟ್ಟೆಯ ಟೋಪಿ ಸುತ್ತಿದರು. ಪಕ್ಕದ ಪರದೆಯ ಮೇಲೆ ಗೆರೆಗಳು ಓಡಲಾರಂಭಿಸಿದವು. ಸ್ವಲ್ಪ ಹೊತ್ತಿಗೆ ತಲೆಯ ಎಡಭಾಗದ ಗೆರೆಗಳು ಮಾತ್ರ ಮೊನಚಾಗಿ, ಒಂದೇ ಲಯದಲ್ಲಿ ಏಳುತ್ತಾ ಬೀಳುತ್ತಾ ಹೋದವು. ಮೊದಲು ಬೇಗ ಬೇಗ, ಆಮೇಲೆ ನಿಧಾನ, ಕೊನೆಗೆ ಸಮತಟ್ಟು. ಕೂಸನ್ನು ನೋಡಿದೆ. ಅವಳು ನಿದ್ದೆ ಮಾಡುತ್ತಿದ್ದಳು. ಒಂದು ಬೆರಳೂ ಅಲುಗಿರಲಿಲ್ಲ.

ಈಗ ಬಂದದ್ದು ಫಿಟ್ಸೇ ಎಂದು ಡಾಕ್ಟರ್ ಹೇಳಿದರು.

ಈ ಒಂದು ಸಂಗತಿಯನ್ನು ಮೊದಲೇ ಯಾರಾದರೂ ನನಗೆ ಹೇಳಿರಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ. ಹಸುಗೂಸುಗಳ ಫಿಟ್ಸ್‌ನಲ್ಲಿ ಬಹುಪಾಲು ಹೊರಗೆ ಕಾಣಿಸುವುದೇ ಇಲ್ಲ. ಫಿನೋಬಾರ್ಬಿಟೋನ್ ಕೊಟ್ಟ ಮೇಲಂತೂ ಮೈಯ ಚಲನೆ ನಿಂತು, ಮಿದುಳಿನೊಳಗಿನ ವಿದ್ಯುತ್ ಬಿರುಸು ಹಾಗೇ ಮುಂದುವರಿಯುವುದು ತೀರಾ ಸಾಮಾನ್ಯ. ಇದೇ ಕಾರಣಕ್ಕೆ, ಹಸುಗೂಸುಗಳ ಫಿಟ್ಸ್ ಅನ್ನು ಇಇಜಿ ಇಟ್ಟೇ ಗುರುತಿಸಬೇಕು ಎಂದು 2021ರ ಅಂತರರಾಷ್ಟ್ರೀಯ ವರ್ಗೀಕರಣ ಹೇಳಿತು. ಇಡೀ ಇಇಜಿ ಇಲ್ಲದ ಕಡೆ ಎರಡು ಮೂರು ತಂತಿಯಷ್ಟೇ ಇರುವ ಸರಳ ಮಾನಿಟರ್ ಇಡುತ್ತಾರೆ. ಸಿಸ್ಟರ್‌ಗಳೂ ಅದನ್ನು ಓದಬಲ್ಲರು, ಆದರೆ ಚಿಕ್ಕಪುಟ್ಟ ಫಿಟ್ಸ್ ಅದರಲ್ಲಿ ತಪ್ಪಿಹೋಗಬಹುದು. ಅದೂ ಇಲ್ಲದಿದ್ದರೆ ಕಣ್ಣೇ ಗತಿ. ನಿಮ್ಮ ಕೂಸಿಗೆ ಫಿಟ್ಸ್ ನಿಂತಿದೆ ಎಂದು ಯಾರಾದರೂ ಹೇಳಿದರೆ, ಇಇಜಿಯಲ್ಲೂ ನಿಂತಿದೆಯೇ ಎಂದು ಕೇಳಿ. ಅದನ್ನು ಕೇಳಿದರೆ ಅವಿಶ್ವಾಸ ತೋರಿಸಿದ ಹಾಗೆ ಆಗುವುದಿಲ್ಲ. ನಮ್ಮ ಡಾಕ್ಟರ್ ಆ ಪ್ರಶ್ನೆಯಿಂದ ಸಂತೋಷಪಟ್ಟರು.

ಯಾಕೆ ಈ ಔಷಧಿ ಪೂರ್ತಿ ಕೆಲಸ ಮಾಡುವುದಿಲ್ಲ ಎಂದು ನಾನು ಕೇಳಿದಾಗ, ರಾತ್ರಿ ಪಾಳಿಯಲ್ಲಿದ್ದ ಕಿರಿಯ ಡಾಕ್ಟರ್ ಒಬ್ಬರು ಕೂತು ವಿವರಿಸಿದರು. ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ದೊಡ್ಡವರಲ್ಲಿ ಅದು ನರಕೋಶಗಳನ್ನು ತಣ್ಣಗಾಗಿಸುತ್ತದೆ. ಫಿನೋಬಾರ್ಬಿಟೋನ್, ಮಿಡಜೋಲಾಮ್ ಇವೆಲ್ಲ ಆ ಗಾಬಾದ ಕೆಲಸವನ್ನೇ ಹೆಚ್ಚಿಸುವ ಔಷಧಿಗಳು. ಆದರೆ ಹುಟ್ಟಿದ ಹೊಸತರಲ್ಲಿ ನರಕೋಶದೊಳಗೆ ಕ್ಲೋರೈಡ್ ಜಾಸ್ತಿ ಇರುತ್ತದೆ. ಅದನ್ನು ಹೊರಹಾಕುವ ವ್ಯವಸ್ಥೆ ಇನ್ನೂ ಬೆಳೆದಿರುವುದಿಲ್ಲ. ಆ ಸ್ಥಿತಿಯಲ್ಲಿ ಗಾಬಾ ಬಾಗಿಲು ತೆರೆದರೆ ಕ್ಲೋರೈಡ್ ಒಳಗೆ ಬರುವ ಬದಲು ಹೊರಗೆ ಹೋಗಬಹುದು, ಕೋಶ ತಣ್ಣಗಾಗುವ ಬದಲು ಕೆರಳಬಹುದು. ಕೂಸಿನ ಮಿದುಳು ದೊಡ್ಡವರ ಮಿದುಳಿನ ಚಿಕ್ಕ ಪ್ರತಿ ಅಲ್ಲ, ಅದರ ನಿಯಮಗಳೇ ಬೇರೆ ಎಂದು ಆ ರಾತ್ರಿ ತಿಳಿಯಿತು. ಈ ಕ್ಲೋರೈಡ್ ಸಮಸ್ಯೆಯನ್ನೇ ಗುರಿಯಾಗಿಟ್ಟುಕೊಂಡು ಬ್ಯುಮೆಟನೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧಿಯನ್ನು ಯುರೋಪಿನಲ್ಲಿ ಕೂಸುಗಳ ಮೇಲೆ ಪರೀಕ್ಷಿಸಿದ್ದರು. ಅದು ಫಿಟ್ಸ್ ನಿಲ್ಲಿಸಲಿಲ್ಲ, ಕೆಲವು ಕೂಸುಗಳ ಕಿವಿಗೆ ಪೆಟ್ಟು ಬಿತ್ತು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸುಲಭದ ದಾರಿ ಇದ್ದಿದ್ದರೆ ಅದನ್ನು ಈಗಾಗಲೇ ಯಾರೋ ಹಿಡಿದಿರುತ್ತಿದ್ದರು ಎಂದು ಅವರು ಹೇಳಿದ್ದು, ವಿಚಿತ್ರವೆಂದರೆ, ನನಗೆ ಧೈರ್ಯ ಕೊಟ್ಟಿತು. ಇವರು ಕತ್ತಲಲ್ಲಿ ತಡಕಾಡುತ್ತಿಲ್ಲ, ಗೊತ್ತಿರುವುದನ್ನೆಲ್ಲ ಹತ್ತಿರ ಇಟ್ಟುಕೊಂಡೇ ನಡೆಯುತ್ತಿದ್ದಾರೆ ಅನಿಸಿತು.

ಮುಂದಿನದು ಲೆವೆಟಿರಾಸಿಟಾಮ್. ಇದರಿಂದ ಉಸಿರಾಟಕ್ಕೂ ಹೃದಯಕ್ಕೂ ತೊಂದರೆ ಕಡಿಮೆ, ಹಾಗಾಗಿ ಎಷ್ಟೋ ಕಡೆ ಇದನ್ನೇ ಮೊದಲು ಕೊಡುವ ರೂಢಿ ಬೆಳೆದಿತ್ತು. 2020ರಲ್ಲಿ ಬಂದ ಒಂದು ಅಧ್ಯಯನ ಎರಡನ್ನೂ ಎದುರುಬದುರು ಇಟ್ಟು ನೋಡಿತು. ಇಇಜಿಯಲ್ಲಿ 24 ಗಂಟೆ ಫಿಟ್ಸ್ ಇಲ್ಲದೆ ಉಳಿದದ್ದು ಫಿನೋಬಾರ್ಬಿಟೋನ್ ಪಡೆದ ಕೂಸುಗಳಲ್ಲಿ ಶೇ. 80, ಲೆವೆಟಿರಾಸಿಟಾಮ್ ಪಡೆದವರಲ್ಲಿ ಶೇ. 28. ಅದಕ್ಕೇ ಈಗಲೂ ಹಳೇ ಔಷಧಿಗೇ ಮೊದಲ ಜಾಗ. ಆದರೆ ಆ 80ರ ಆಚೆಗೂ ಕೂಸುಗಳಿರುತ್ತವೆ. ನಮ್ಮವಳಿಗೆ ಎರಡೂ ಸೇರಿಯೂ ಸಾಲಲಿಲ್ಲ. ಗಂಟೆಗೆ ಹಲವು ಸಲ ಆ ಗೆರೆಗಳು ಏಳುತ್ತಿದ್ದವು. ಎರಡು ಫಿಟ್ಸ್‌ಗಳ ನಡುವೆಯೂ ಇಇಜಿ ಸರಿ ಇರಲಿಲ್ಲ: ಒಂದು ಸಿಡಿತ, ಆಮೇಲೆ ಉದ್ದಕ್ಕೆ ಸಪಾಟು, ಮತ್ತೆ ಸಿಡಿತ.

ಮಿಡಜೋಲಾಮ್ ಸಿರಿಂಜ್ ಪಂಪ್‌ಗೆ ಏರಿತು. ಇದು ಉಸಿರನ್ನು ಅಡಗಿಸುತ್ತದೆ, ವೆಂಟಿಲೇಟರ್ ಬೇಕಾಗುತ್ತದೆ ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಕೂಸಿನ ಬಾಯಲ್ಲಿ ನಳಿಕೆ, ಮೂಗಲ್ಲಿ ಹಾಲಿನ ನಳಿಕೆ, ಹೊಕ್ಕುಳಲ್ಲಿ ಒಂದು, ಕಾಲಲ್ಲಿ ಒಂದು. ಅಳುವುದಕ್ಕೂ ದನಿ ಇಲ್ಲ. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ.

ಬರೆಯಬಹುದಾದದ್ದು, ಆ ದಿನಗಳಲ್ಲಿ ತಾಯಿ ತಂದೆ ಏನು ಮಾಡಬಹುದು ಎಂಬುದನ್ನು. ನಾನು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುತ್ತಿದ್ದೆ. ಎಷ್ಟೋ ಸಲ ಅದು ಫ್ರಿಜ್‌ಗೇ ಹೋಗುತ್ತಿತ್ತು, ಆದರೂ ಕೊಡುತ್ತಿದ್ದೆ. ನನ್ನ ಗಂಡ ಒಂದು ನೋಟ್‌ಬುಕ್ ಇಟ್ಟರು. ಯಾವ ಔಷಧಿ, ಯಾವಾಗ, ಅದಾದ ಮೇಲೆ ಏನಾಯಿತು ಎಂದು ಬರೆದರು. ಇದಕ್ಕಿಂತ ಹೆಚ್ಚು ಉಪಯೋಗವಾದದ್ದು ಮೊದಲ ದಿನ ನನ್ನ ಅತ್ತೆ ಫೋನ್‌ನಲ್ಲಿ ಹಿಡಿದಿದ್ದ ಒಂದು ಸಣ್ಣ ವಿಡಿಯೊ. ಮತ್ತೊಮ್ಮೆ ಫಿಟ್ಸ್ ಬಂದಾಗ, ಎನ್‌ಐಸಿಯುಗೆ ಸಾಗಿಸುವ ಮುಂಚೆ, ಅವರು ನಡುಗುವ ಕೈಯಲ್ಲೇ ಅದನ್ನು ತೆಗೆದಿದ್ದರು. ಕೂಸಿನ ಅಂಥ ಗಳಿಗೆಯನ್ನು ವಿಡಿಯೊ ಮಾಡುತ್ತಾರೆಯೇ ಎಂದು ನಮ್ಮವರೊಬ್ಬರು ಬೈದಿದ್ದೂ ಆಯಿತು. ಆದರೆ ಔಷಧಿಗಳು ಮೈಯ ಚಲನೆಯನ್ನು ಅಳಿಸಿಹಾಕಿದ ಮೇಲೆ, ಫಿಟ್ಸ್ ಮೂಲದಲ್ಲಿ ಹೇಗಿತ್ತು ಎಂದು ತೋರಿಸುವ ಒಂದೇ ಸಾಕ್ಷಿ ಅದಾಗಿತ್ತು. ತಲೆ ಒಂದು ಕಡೆ ತಿರುಗುವುದು, ಒಂದು ಕೈ ಸೆಟೆಯುವುದು, ಉಸಿರು ಕಟ್ಟುವುದು, ಕೊನೆಯಲ್ಲಿ ಅದುರುವುದು. ಮುಂದಿನ ಸಲ ಅದೇ ಎಡಗಡೆಗೆ. ಮಕ್ಕಳ ನರರೋಗ ತಜ್ಞೆ ಅದನ್ನು ಮತ್ತೆ ಮತ್ತೆ ನೋಡಿದರು.

ಅವರು ಬಂದ ಮೇಲೆ ಪ್ರಶ್ನೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ, ಇನ್ನು ಯಾವ ಔಷಧಿ ಸೇರಿಸುವುದು ಎಂಬ ಮಾತೇ ನಡೆಯುತ್ತಿತ್ತು. ಈ ಕೂಸಿಗೆ ಯಾಕೆ ಫಿಟ್ಸ್ ಬರುತ್ತಿದೆ ಎಂಬುದು ಗೊತ್ತಾದರೆ ಯಾವ ಔಷಧಿ ಎಂಬುದೂ ಗೊತ್ತಾಗುತ್ತದೆ ಎಂದರು. ಆ ಮಾತು ನನಗೆ ತುಂಬ ಮುಖ್ಯವೆನಿಸಿತು. ಹುಟ್ಟಿದ ಕೂಸಿನಲ್ಲಿ ಹಟ ಹಿಡಿದ ಫಿಟ್ಸ್‌ಗೆ ಚಿಕಿತ್ಸೆ ಎಂದರೆ, ಒಂದು ಕೈಯಲ್ಲಿ ಅದನ್ನು ತಡೆಯುತ್ತಾ ಇನ್ನೊಂದು ಕೈಯಲ್ಲಿ ಕಾರಣ ಹುಡುಕುವುದು. ಎರಡರಲ್ಲಿ ಯಾವುದನ್ನೂ ನಾಳೆಗೆ ಇಡುವ ಹಾಗಿಲ್ಲ.

ಮೊದಲು ಅವರು ಮಾಡಿದ್ದು ಪಿರಿಡಾಕ್ಸಿನ್ ಪರೀಕ್ಷೆ. ಪಿರಿಡಾಕ್ಸಿನ್ ಎಂದರೆ ಬಿ6 ವಿಟಮಿನ್. ಕೆಲವು ಕೂಸುಗಳಲ್ಲಿ ಹುಟ್ಟಿನಿಂದಲೇ ಇರುವ ಒಂದು ಜೀನ್ ದೋಷದಿಂದ ಲೈಸಿನ್ ಎಂಬ ಪ್ರೋಟೀನ್ ಅಂಶ ಸರಿಯಾಗಿ ಕರಗದೆ, ಉಳಿದ ವಸ್ತು ದೇಹದ ಬಿ6 ಅನ್ನು ನಿಷ್ಕ್ರಿಯಗೊಳಿಸಿಬಿಡುತ್ತದೆ. ಆ ಕೂಸುಗಳಿಗೆ ಯಾವ ಫಿಟ್ಸ್ ಔಷಧಿಯೂ ನಾಟುವುದಿಲ್ಲ, ವಿಟಮಿನ್ ಮಾತ್ರ ನಾಟುತ್ತದೆ. ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1954ರಲ್ಲಿ, ಅದರ ಜೀನ್ ಸಿಕ್ಕಿದ್ದು 2006ರಲ್ಲಿ. ಅಪರೂಪ ನಿಜ. ಆದರೆ ತಪ್ಪಿಸಿಕೊಂಡರೆ ಆಗುವ ನಷ್ಟ ದೊಡ್ಡದು, ಪರೀಕ್ಷೆಯೋ ಒಂದು ಇಂಜೆಕ್ಷನ್‌ನಷ್ಟು ಸುಲಭ. ಇಇಜಿ ಓಡುತ್ತಿರುವಾಗಲೇ 100 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟರು. ಕೆಲವು ಕೂಸುಗಳಿಗೆ ಆ ಗಳಿಗೆಯಲ್ಲಿ ಉಸಿರು ನಿಲ್ಲಬಹುದು, ಹಾಗಾಗಿ ಎಲ್ಲ ಸಿದ್ಧತೆ ಇಟ್ಟುಕೊಂಡೇ ಕೊಡುತ್ತಾರೆ. ನಾವೆಲ್ಲ ಪರದೆ ನೋಡುತ್ತಾ ನಿಂತೆವು. ಗೆರೆಗಳು ಬದಲಾಗಲಿಲ್ಲ. ಆದರೂ ಅವರು ಬಿ6 ಅನ್ನು ತಕ್ಷಣ ನಿಲ್ಲಿಸಲಿಲ್ಲ. ಕೆಲವು ಕೂಸುಗಳು ತಡವಾಗಿ ಸ್ಪಂದಿಸುತ್ತವೆ, ರಕ್ತ ಮೂತ್ರದ ವರದಿ ಬಂದು ಆ ಕಾಯಿಲೆ ಇಲ್ಲವೆಂದು ಖಚಿತವಾಗುವ ತನಕ ಕೊಡುತ್ತಿರಬೇಕು ಎಂದರು.

ಆಮೇಲೆ ಫೆನಿಟಾಯಿನ್. 1999ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಫಿನೋಬಾರ್ಬಿಟೋನ್ ಶೇ. 43, ಫೆನಿಟಾಯಿನ್ ಶೇ. 45 ಕೂಸುಗಳಲ್ಲಿ ಫಿಟ್ಸ್ ಹತೋಟಿಗೆ ತಂದಿದ್ದವು, ಎರಡನ್ನೂ ಸೇರಿಸಿದರೆ ಸುಮಾರು ಶೇ. 60. ಅಂದರೆ ಹೆಚ್ಚೂಕಡಿಮೆ ಸಮಸಮ. ಆದರೆ ಇವೆರಡು ಕೆಲಸ ಮಾಡುವ ಬಗೆ ಬೇರೆ. ಫೆನಿಟಾಯಿನ್ ಗಾಬಾದ ಗೊಡವೆಗೆ ಹೋಗುವುದಿಲ್ಲ. ನರಕೋಶದ ಸೋಡಿಯಂ ದ್ವಾರಗಳನ್ನು ತಡೆಯುತ್ತದೆ. ಹೃದಯದ ಬಡಿತ ತಪ್ಪಿಸಬಹುದು, ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟ ಹಾಗಾಗಬಹುದು. ಅದಕ್ಕೆ ಬಹಳ ನಿಧಾನವಾಗಿ, ಇಸಿಜಿ ನೋಡುತ್ತಾ ಬಿಡುತ್ತಾರೆ. ಇದನ್ನು ಕೊಟ್ಟರೆ ಆಮೇಲೆ ಲಿಡೋಕೇಯ್ನ್ ಎಂಬ ಇನ್ನೊಂದು ಔಷಧಿಯ ದಾರಿ ಮುಚ್ಚುತ್ತದೆ, ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ಒಂದು ಆಯ್ಕೆ ಇನ್ನೊಂದನ್ನು ಮುಚ್ಚುತ್ತದೆ ಎಂಬುದನ್ನು ಅವರು ನಮಗೆ ಹೇಳಿಯೇ ಮುಂದುವರಿದರು. ಆ ಗೌರವವನ್ನು ನಾವು ಮರೆತಿಲ್ಲ.

ಅಂದು ಸಂಜೆಯಿಂದ ಪರದೆಯ ಮೇಲಿನ ಏಳುಬೀಳುಗಳ ನಡುವೆ ಅಂತರ ಹೆಚ್ಚಾಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಮೊದಲ ಸಲ ಗಂಟೆಗಟ್ಟಲೆ ಏನೂ ಬರದೆ ಹೋಯಿತು.

ತಜ್ಞೆಗೆ ಬೇಕಾಗಿದ್ದ ಸುಳಿವು ಅದೇ. ಹುಟ್ಟಿದ ಮೊದಲ ದಿನಗಳಲ್ಲೇ ಶುರು, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಸೆಟೆಯುವುದು, ಉಸಿರು ಕಟ್ಟುವುದು, ರಕ್ತ ಪರೀಕ್ಷೆಗಳೆಲ್ಲ ಸರಿ, ಈಗ ಸೋಡಿಯಂ ದ್ವಾರ ತಡೆಯುವ ಔಷಧಿಗೆ ಸ್ಪಂದನ. ಜೀನ್ ದೋಷದಿಂದ ಬರುವ ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇರಬಹುದು ಎಂದರು. ಎಂಆರ್‌ಐ ಆಯಿತು, ಅದರಲ್ಲಿ ಮಿದುಳಿನ ರಚನೆಯ ದೋಷವಾಗಲೀ ಪಾರ್ಶ್ವವಾಯುವಿನ ಗುರುತಾಗಲೀ ಇರಲಿಲ್ಲ. ಕೂಸಿನದ್ದೂ ನಮ್ಮಿಬ್ಬರದ್ದೂ ರಕ್ತ ಜೀನ್ ಪರೀಕ್ಷೆಗೆ ಹೋಯಿತು.

ಅದರ ಜೊತೆಗೆ ಅವರು ಒಂದು ಪ್ರಶ್ನೆ ಕೇಳಿದರು. ಎರಡೂ ಕಡೆಯ ಕುಟುಂಬದಲ್ಲಿ ಯಾರಿಗಾದರೂ ಹುಟ್ಟಿದ ಮೊದಲ ವಾರಗಳಲ್ಲಿ ಫಿಟ್ಸ್ ಬಂದು ತಾನಾಗಿ ನಿಂತುಹೋಗಿತ್ತೇ? ಇಂಥ ಜೀನ್ ದೋಷದ ಸೌಮ್ಯ ರೂಪ ಕುಟುಂಬದಲ್ಲಿ ಹರಿದುಬರುತ್ತದೆ. ಅಂಥ ಕೂಸುಗಳಿಗೆ ಕೆಲವು ತಿಂಗಳಲ್ಲಿ ಫಿಟ್ಸ್ ನಿಂತು, ಬೆಳವಣಿಗೆ ಚೆನ್ನಾಗಿಯೇ ಆಗುತ್ತದೆ. ಹಿರಿಯರಿಗೆ ಮಾತ್ರ ಗೊತ್ತಿರುವ, ಯಾರೂ ಬಾಯಿಬಿಡದ ಸಂಗತಿ ಇದಾಗಿರಬಹುದು ಎಂದರು. ಆ ಪ್ರಶ್ನೆಯನ್ನು ಮನೆಗೆ ತೆಗೆದುಕೊಂಡು ಹೋಗುವುದು ಸುಲಭವಾಗಿರಲಿಲ್ಲ. ನಿಮ್ಮ ಕಡೆಯಿಂದಲೋ ನಮ್ಮ ಕಡೆಯಿಂದಲೋ ಎಂಬ ಮಾತು ಎದ್ದೇಬಿಟ್ಟಿತು. ಬಸುರಿಯಲ್ಲಿ ನಾನು ಏನು ತಿಂದೆ, ಏನು ಬಿಟ್ಟೆ ಎಂಬ ವಿಚಾರಣೆಯೂ ನಡೆಯಿತು. ನನ್ನ ಮಾವ ಮಾತ್ರ ಶಾಂತವಾಗಿ ಕೂತು, ತಮ್ಮ ಅಣ್ಣತಮ್ಮಂದಿರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಕೂಸಿನ ಔಷಧಿ ಇದರ ಮೇಲೆ ನಿಂತಿದೆ, ಮುಚ್ಚಿಡಬೇಡಿ ಎಂದು ಕೇಳಿದರು. ನನ್ನ ತವರಲ್ಲಿ ಅಮ್ಮ ಅದೇ ಕೆಲಸ ಮಾಡಿದಳು. ಯಾರಿಗೂ ಇರಲಿಲ್ಲ. ಇಲ್ಲ ಎಂಬ ಆ ಉತ್ತರವೂ ತಜ್ಞೆಗೆ ಒಂದು ಮಾಹಿತಿಯೇ ಆಗಿತ್ತು.

ಜೀನ್ ವರದಿ ಬರಲು ವಾರಗಳು ಬೇಕು. ಅವರು ಕಾಯಲಿಲ್ಲ. ಅಪಸ್ಮಾರ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಇಂಟರ್‌ನ್ಯಾಷನಲ್ ಲೀಗ್ ಅಗೇನ್ಸ್ಟ್ ಎಪಿಲೆಪ್ಸಿ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ, ಕೂಸಿನ ಲಕ್ಷಣಗಳು ಇಂಥ ಜೀನ್ ಕಾರಣದತ್ತ ಬೊಟ್ಟು ಮಾಡಿದರೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ಬಳಸಬಹುದು ಎಂದಿದೆ. ಫೆನಿಟಾಯಿನ್ ಅನ್ನು ಕೂಸುಗಳಿಗೆ ಬಾಯಿಯ ಮೂಲಕ ಕೊಟ್ಟರೆ ಮೈಗೆ ಎಷ್ಟು ಸೇರುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಕಾರ್ಬಮಜೆಪಿನ್ ಸಿರಪ್ಪನ್ನು ಹಾಲಿನ ನಳಿಕೆಯಲ್ಲಿ ಶುರು ಮಾಡಿದರು. ಇಷ್ಟೆಲ್ಲ ಪಂಪ್, ಇಷ್ಟೆಲ್ಲ ಸೂಜಿ ಆದ ಮೇಲೆ ಒಂದು ಸಿರಪ್ ಏನು ಮಾಡೀತು ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಕೇಳಿದರು. ಎರಡು ಮೂರು ಡೋಸ್ ಆಗುವಷ್ಟರಲ್ಲಿ ಇಇಜಿಯಲ್ಲಿ ಫಿಟ್ಸ್ ನಿಂತಿತ್ತು. ಈ ಸಲ ನಾನು ಕೂಸಿನ ಮುಖ ನೋಡಿ ನಂಬಲಿಲ್ಲ. ಪರದೆ ನೋಡಿದೆ, ಡಾಕ್ಟರನ್ನು ಕೇಳಿದೆ, ಮರುದಿನ ಬೆಳಿಗ್ಗೆ ಮತ್ತೆ ಕೇಳಿದೆ. ರಾತ್ರಿಯಿಡೀ ಒಂದೂ ಬಂದಿರಲಿಲ್ಲ.

ಆಮೇಲೆ ಎಲ್ಲವೂ ಹಿಮ್ಮುಖವಾಗಿ ನಡೆಯಿತು. ಮಿಡಜೋಲಾಮ್ ಸ್ವಲ್ಪ ಸ್ವಲ್ಪವಾಗಿ ಇಳಿಯಿತು, ವೆಂಟಿಲೇಟರ್ ನಳಿಕೆ ಹೊರಬಂತು, ಬೊಗಸೆಯಷ್ಟು ಜಾಗದಲ್ಲಿ ಮಲಗಿದ್ದವಳು ಒಡೆದ ದನಿಯಲ್ಲಿ ಅತ್ತಳು. ಫೆನಿಟಾಯಿನ್, ಲೆವೆಟಿರಾಸಿಟಾಮ್ ಬಿಡಿಸಿದರು. ಫಿನೋಬಾರ್ಬಿಟೋನ್ ಮಾತ್ರ ಬೇಗ ಹೋಗುವುದಿಲ್ಲ. ಕೂಸಿನ ಮೈಯಲ್ಲಿ ಅದು ಅರ್ಧಕ್ಕೆ ಇಳಿಯುವುದಕ್ಕೇ ದಿನಗಳು ಹಿಡಿಯುತ್ತವೆ. ಅದು ಇರುವಷ್ಟು ದಿನ ಕಾರ್ಬಮಜೆಪಿನ್ ಅನ್ನು ಯಕೃತ್ತು ಬೇಗ ಕರಗಿಸಿಬಿಡುತ್ತದೆ, ಅದಕ್ಕೇ ಮಟ್ಟ ನೋಡಲು ಮತ್ತೆ ರಕ್ತ ತೆಗೆದರು. ಹಾಲು ಚೀಪುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ಅಷ್ಟೂ ದಿನದ ಮಂಪರು ಅವಳ ನಾಲಿಗೆಯಲ್ಲಿತ್ತು.

ನಮ್ಮ ಪಕ್ಕದ ತೊಟ್ಟಿಲಲ್ಲಿ ಹೆರಿಗೆಯಲ್ಲಿ ಆಮ್ಲಜನಕ ಸಾಲದೆ ಹೋದ ಒಂದು ಗಂಡು ಕೂಸಿತ್ತು. ಅವನ ಮೈಯನ್ನು 72 ಗಂಟೆ 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ ಇಟ್ಟಿದ್ದರು. ಅವನಿಗೂ ಫಿಟ್ಸ್ ಬಂದು, ಫಿನೋಬಾರ್ಬಿಟೋನ್‌ಗೆ ನಿಂತಿತ್ತು. ಮನೆಗೆ ಕಳಿಸುವಾಗ ಯಾವ ಫಿಟ್ಸ್ ಔಷಧಿಯನ್ನೂ ಕೊಡಲಿಲ್ಲ. ನಮ್ಮವಳಿಗೆ ಔಷಧಿ ಇದೆ, ಅವನಿಗೆ ಯಾಕಿಲ್ಲ ಎಂದು ಅವನ ತಾಯಿ ನನ್ನ ಹತ್ತಿರ ಹೇಳಿಕೊಂಡು ಅತ್ತರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಿದೆ. ಹೆರಿಗೆಯ ಪೆಟ್ಟಿನಿಂದ ಬರುವ ಫಿಟ್ಸ್ ಆ ಪೆಟ್ಟು ಆರುವ ಕೆಲವು ದಿನಗಳ ಮಾತು. ಅದು ನಿಂತ ಮೇಲೆ ಔಷಧಿ ಮುಂದುವರಿಸಿದರೆ ಕೂಸಿಗೆ ಲಾಭವಿಲ್ಲ, ಮನೆಗೆ ಹೋಗುವ ಮೊದಲೇ ನಿಲ್ಲಿಸುವುದು ಒಳ್ಳೆಯದು ಎಂಬುದೇ ಈಗಿನ ಸಲಹೆ. ನಮ್ಮ ಮಗಳದ್ದು ಅಪಸ್ಮಾರ, ಅದರ ಕಾರಣ ಒಳಗೇ ಕೂತಿದೆ. ಎರಡು ಕೂಸುಗಳ ಫಿಟ್ಸ್ ನೋಡುವುದಕ್ಕೆ ಒಂದೇ ಥರ ಇದ್ದರೂ ಚಿಕಿತ್ಸೆ ಬೇರೆಯಾಗುವುದು ಹೀಗೆ.

ವರದಿ ಬಂದಾಗ ನಾವು ಮನೆಯಲ್ಲಿದ್ದೆವು. ಕೆಸಿಎನ್‌ಕ್ಯೂ2. ಇಪ್ಪತ್ತನೆಯ ಕ್ರೋಮೋಸೋಮಿನಲ್ಲಿರುವ ಜೀನ್. ನರಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಒಂದು ದ್ವಾರವನ್ನು ಕಟ್ಟುವುದು ಇದರ ಕೆಲಸ. ಕೋಶ ಕೆರಳಿದಾಗ ಹಿಡಿದು ನಿಲ್ಲಿಸುವ ಬ್ರೇಕ್ ಅದು. ನಮ್ಮ ಮಗಳಲ್ಲಿ ಆ ಬ್ರೇಕ್ ಸಡಿಲ. ಅದೇ ಜಾಗದಲ್ಲಿ ಗುಂಪಾಗಿರುವ ಸೋಡಿಯಂ ದ್ವಾರಗಳನ್ನು ಕಾರ್ಬಮಜೆಪಿನ್ ತಡೆಯುವುದರಿಂದ, ಬ್ರೇಕ್ ಸರಿಯಾಗದಿದ್ದರೂ ವೇಗ ತಗ್ಗುತ್ತದೆ. ಈ ಜೀನ್‌ನ ದೋಷದಿಂದ ಬರುವ ಕಾಯಿಲೆಯ ತೀವ್ರ ರೂಪವನ್ನು ವೈದ್ಯಲೋಕ ಗುರುತಿಸಿದ್ದೇ 2012ರಲ್ಲಿ. ಅದಕ್ಕೆ ಮುಂಚೆ ಇಂಥ ಕೂಸುಗಳ ತಾಯಂದಿರಿಗೆ ಏನು ಉತ್ತರ ಸಿಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಜೀನ್‌ನ ಆ ಬದಲಾವಣೆ ನನ್ನಲ್ಲೂ ಇರಲಿಲ್ಲ, ನನ್ನ ಗಂಡನಲ್ಲೂ ಇರಲಿಲ್ಲ. ಕೂಸಿನಲ್ಲೇ ಹೊಸದಾಗಿ ಆದದ್ದು. ಮತ್ತೊಂದು ಮಗುವಿಗೆ ಬರುವ ಸಾಧ್ಯತೆ ಬಹಳ ಕಡಿಮೆ, ಆದರೆ ಸೊನ್ನೆ ಎನ್ನುವಂತಿಲ್ಲ ಎಂದು ಜೆನೆಟಿಕ್ ಕೌನ್ಸೆಲರ್ ವಿವರಿಸಿದರು. ಯಾರೂ ಏನೂ ತಿಂದು, ಏನೂ ಬಿಟ್ಟು ಹೀಗಾಗುವುದಿಲ್ಲ ಎಂದು ಅವರು ಮನೆಯವರೆಲ್ಲರ ಮುಂದೆ ಹೇಳಿದಾಗ ನನ್ನ ಅತ್ತೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಆ ಒಂದು ಸಾಲಿಗಾಗಿಯೇ ಆ ಪರೀಕ್ಷೆ ಮಾಡಿಸಬಹುದಿತ್ತು ಅನಿಸಿತು ನನಗೆ.

ವರದಿಯ ಉಳಿದ ಭಾಗ ಕಹಿಯಾಗಿತ್ತು. ಈ ತೀವ್ರ ರೂಪದಲ್ಲಿ ಫಿಟ್ಸ್ ಎಷ್ಟೋ ಮಕ್ಕಳಿಗೆ ತಿಂಗಳು ವರ್ಷಗಳಲ್ಲಿ ಕಡಿಮೆಯಾಗುತ್ತದೆ, ಆದರೆ ಬೆಳವಣಿಗೆಯ ತೊಂದರೆ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಪೊಟ್ಯಾಸಿಯಂ ದ್ವಾರವನ್ನೇ ನೇರವಾಗಿ ತೆರೆಯುವ ರೆಟಿಗಬಿನ್ ಎಂಬ ಔಷಧಿ ದೊಡ್ಡವರಿಗಾಗಿ ಬಂದಿತ್ತು. ಚರ್ಮ, ಕಣ್ಣು ನೀಲಿಗಟ್ಟುವ ತೊಂದರೆ ಕಂಡುಬಂತು, ಬಳಸುವವರೂ ಕಡಿಮೆಯಾದರು, 2017ರಲ್ಲಿ ಮಾರಾಟ ನಿಂತಿತು. ಅದೇ ಬಗೆಯ ಹೊಸ ಔಷಧಿಗಳಿಗಾಗಿ ಕೆಲಸ ನಡೆದಿದೆ. ಕಾಯುತ್ತಿರುವವರಲ್ಲಿ ನಾವೂ ಇದ್ದೇವೆ.

ಈಗ ಅವಳು ಕುತ್ತಿಗೆ ನಿಲ್ಲಿಸುತ್ತಾಳೆ, ಹಿಡಿದು ಕೂರಿಸಿದರೆ ಕೂರುತ್ತಾಳೆ, ಅವಳ ಅಪ್ಪನ ದನಿಗೆ ತಿರುಗುತ್ತಾಳೆ. ಅವಳ ವಯಸ್ಸಿನವರು ಇದನ್ನೆಲ್ಲ ಎಂದೋ ದಾಟಿದ್ದಾರೆ. ಫಿಸಿಯೊಥೆರಪಿ ವರದಿ ಬರುವ ಮುಂಚೆಯೇ ಶುರುವಾಗಿತ್ತು, ಅದು ಒಳ್ಳೆಯದಾಯಿತು. ತೂಕ ಏರಿದ ಹಾಗೆ ಕಾರ್ಬಮಜೆಪಿನ್ ಡೋಸ್ ಏರಿಸುತ್ತಾರೆ, ಆಗಾಗ ಸೋಡಿಯಂ, ಯಕೃತ್ತು, ರಕ್ತಕಣಗಳ ಪರೀಕ್ಷೆ ಇರುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಫಿಟ್ಸ್ ಬಂದರೆ ಏನು ಕೊಡಬೇಕು, ಎಷ್ಟು, ಆಮೇಲೆ ಎಲ್ಲಿಗೆ ಓಡಬೇಕು ಎಂದು ಡಾಕ್ಟರ್ ಬರೆದುಕೊಟ್ಟ ಹಾಳೆ ಅವಳ ಚೀಲದಲ್ಲಿ ಸದಾ ಇರುತ್ತದೆ. ಅದರ ತಲೆಯಲ್ಲಿ ಜೀನ್‌ನ ಹೆಸರನ್ನೂ, ಸೋಡಿಯಂ ದ್ವಾರ ತಡೆಯುವ ಔಷಧಿಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ ಎಂಬ ಸಾಲನ್ನೂ ಬರೆಸಿಕೊಂಡಿದ್ದೇವೆ. ಅವಳನ್ನು ಎಂದೂ ನೋಡಿರದ ಡಾಕ್ಟರ್ ಒಬ್ಬರು ಮಧ್ಯರಾತ್ರಿ ಅವಳಿಗೆ ಚಿಕಿತ್ಸೆ ಕೊಡಬೇಕಾಗಿ ಬಂದರೆ, ಅವರು ಮೊದಲು ಓದಬೇಕಾದದ್ದು ಆ ಎರಡನ್ನೇ.